ಚಾಕುವಿನ ಮೂತಿ ಊರಿದ ಜಾಗ

ಕಿಡಿಯಣ್ಣನಿಗೆ ಮನುಷ್ಯರ ಮುಖ ಮರೆತುಹೋಗುವುದುಂಟು. ಆದರೆ ಒಮ್ಮೆ ಕೈಗೆ ಬಂದ ಚಾಕು ಮರೆತದ್ದಿಲ್ಲ. ಸೈಕಲ್ಲಿನ ಹಿಂದೆ ಸಾಣೆಚಕ್ರ ಕಟ್ಟಿಕೊಂಡು ಬೀದಿ ಬೀದಿ ಸುತ್ತುವುದು, ಕರೆದ ಮನೆಯ ಮುಂದೆ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿಯುವುದು, ಮೂವತ್ತೆರಡು ವರ್ಷದಿಂದ ಅವನ ಕಸುಬು. ಬಾಗಿಲಲ್ಲಿ ನಿಂತು ಚಾಕು ನೀಡಿದ ಹೆಂಗಸು ಯಾರೆಂದು ಗೊತ್ತಾಗದಿದ್ದರೂ, ಚಾಕುವನ್ನು ಒಂದು ಸಲ ಹೊರಳಿಸಿ ನೋಡಿ, "ಹೋದ ಸಲ ಇದರ ಮೂತಿ ಮುರಿದಿತ್ತಲ್ಲಮ್ಮ, ಡಬ್ಬಿ ಮುಚ್ಚಳ ಎಬ್ಬಿಸೋಕೆ ಹೋಗಿದ್ರಿ" ಎನ್ನುತ್ತಿದ್ದ. ಅವಳು ನಾಚಿಕೊಂಡು ನಗುವಳು.

ಯಾವ ಕೆಲಸಕ್ಕೆ ಯಾವ ಮೈ ಎಂಬುದು ಅವನಿಗೆ ಬಾಯಿಪಾಠ. ಹಣ್ಣಿನಂಗಡಿಯವನದು ಬೆರಳಿನಷ್ಟು ಸಪೂರ, ತಿರುಳಿನೊಳಗೆ ಹೋಗಿ ಬೀಜ ಸುತ್ತಿ ಬರುವಂಥದ್ದು. ಕುಂಬಳಕಾಯಿ ಸೀಳುವುದಕ್ಕೆ ಬೆನ್ನು ದಪ್ಪ ಇರಬೇಕು, ಇಲ್ಲದಿದ್ದರೆ ಅರ್ಧದಲ್ಲಿ ಸಿಕ್ಕಿಕೊಂಡು ಎಳೆದವರ ಬೆನ್ನು ಹಿಡಿಯುತ್ತದೆ. ಆದರೆ ಅಡುಗೆಮನೆಯ ದಿನಬಳಕೆಯ ಚಾಕುವಿಗೆ ಅವನ ಹತ್ತಿರ ಒಂದೇ ಕಾನೂನು. ತಂದೆಯಿಂದ ಬಂದ ಗೇಣುದ್ದದ ಉಕ್ಕಿನ ಪಟ್ಟಿಯೊಂದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಸಾಣೆ ಮುಗಿದ ಮೇಲೆ ಚಾಕುವಿನ ಬಾಯನ್ನು ಆ ಪಟ್ಟಿಗೆ ಒತ್ತಿ, ಸೂರ್ಯನ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವನು. ನಡುವೆ ಎಲ್ಲೂ ಬೆಳಕು ನುಸುಳಬಾರದು. ನುಸುಳಿದರೆ ಮತ್ತೆ ಚಕ್ರಕ್ಕೆ.

ಈ ಕಾನೂನು ನಡೆಯದ ಚಾಕು ಊರಲ್ಲಿ ಒಂದೇ ಒಂದು. ಅದು ಅವನ ಹೆಂಡತಿಯದು.

ಹೆಂಡತಿ ಶಾಲೆಯ ಅಡುಗೆಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಇನ್ನೂರು ಮಕ್ಕಳ ಮಧ್ಯಾಹ್ನದ ಊಟ. ಮಕ್ಕಳು ಅವಳನ್ನು ಊಟದಮ್ಮ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ವಾರ ಕಿಡಿಯಣ್ಣನೇ ನಾಲ್ಕು ಬೆರಳಗಲದ, ನೇರ ಬಾಯಿಯ ಚಾಕು ತಂದುಕೊಟ್ಟಿದ್ದ. ಅದನ್ನು ಹಳೇ ಬಟ್ಟೆಯಲ್ಲಿ ಸುತ್ತಿ, ಬೆಳಿಗ್ಗೆ ಒಯ್ದು ಸಂಜೆ ತರುವಳು. ಬೇರೆಯವರ ಕೈಗೆ ಕೊಟ್ಟವಳಲ್ಲ. ಹತ್ತೊಂಬತ್ತು ವರ್ಷದಲ್ಲಿ ಆ ಚಾಕು ಸವೆಯಿತು, ಆದರೆ ಸಮವಾಗಿ ಸವೆಯಲಿಲ್ಲ. ಮೂತಿ ಮೇಲಕ್ಕೆ ಸರಿಯಿತು, ಹಿಡಿಯ ಹತ್ತಿರದ ಹಿಮ್ಮಡಿಯೂ ಮೇಲಕ್ಕೆ ಹೋಯಿತು, ನಡುವೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬು ಉಳಿಯಿತು. ಪಟ್ಟಿಗೆ ಹಿಡಿದರೆ ಎರಡೂ ಕಡೆ ಕಿಟಕಿ ತೆರೆದಷ್ಟು ಬೆಳಕು.

"ಕೊಡೇ ಇಲ್ಲಿ, ನೆಟ್ಟಗೆ ಮಾಡಿಕೊಡ್ತೀನಿ. ಊರಿನವರು ನೋಡಿದ್ರೆ ಸಾಣೆಯವನ ಹೆಂಡ್ತಿ ಚಾಕು ಇದು ಅಂತ ನಗ್ತಾರೆ" ಎಂದು ಅವನು ಪ್ರತಿ ಸಲ ಹೇಳುತ್ತಿದ್ದ.

"ನಗ್ಲಿ ಬಿಡಿ. ನೀವು ಬಾಯಿ ಮಾತ್ರ ಮುಟ್ಟಿ, ಮೈ ಮುಟ್ಟಬೇಡಿ" ಎನ್ನುತ್ತಿದ್ದಳು ಅವಳು. ಚಕ್ರದ ಪಕ್ಕವೇ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಳು, ಪೊಲೀಸರ ಹಾಗೆ. "ಮೂತಿ ಕಡೆ ಇನ್ನೊಂಚೂರು ಹಿಡೀರಿ. ಹಾಂ, ಸಾಕು. ಸಾಕು ಅಂದ್ನಲ್ರೀ!"

ಯಾಕೆ ಎಂದು ಅವನು ಕೇಳಲಿಲ್ಲ. ಹೆಂಗಸರ ಹಟ ಅಂದುಕೊಂಡ. ಬೆಳಕು ಹರಿಯುವ ಮುಂಚೆ ಅವನು ಸೈಕಲ್ ತಳ್ಳಿಕೊಂಡು ಹೊರಡುತ್ತಿದ್ದ, ಸಂಜೆ ಅವನು ಕೈಕಾಲು ತೊಳೆದು ಕೂರುವ ಹೊತ್ತಿಗೆ ಅವಳು ಗೋಡೆಗೆ ಮುಖ ಮಾಡಿ ಹೆಚ್ಚುತ್ತಿರುತ್ತಿದ್ದಳು. ಅವನಿಗೆ ಕಾಣುತ್ತಿದ್ದುದು ಅವಳ ಬೆನ್ನು, ಕೇಳುತ್ತಿದ್ದುದು ಕರಕ್ ಕರಕ್ ಎಂಬ ಸದ್ದು. ಆ ಸದ್ದು ನಿಂತರೆ ಇನ್ನರ್ಧ ಗಂಟೆಗೆ ಊಟ ಎಂಬಷ್ಟೇ ಅವನ ತಿಳಿವಳಿಕೆ.

ಅವಳಿಗೆ ಲಕ್ವ ಹೊಡೆದದ್ದು ಶಾಲೆಯ ಅಡುಗೆಮನೆಯಲ್ಲೇ, ಎಲೆಕೋಸು ಹೆಚ್ಚುತ್ತಿರುವಾಗ. ಸಹಾಯಕಿಯಾಗಿದ್ದ ಗುಬ್ಬಿ ಸುದ್ದಿ ತಂದಳು. ಗುಬ್ಬಿ ಎಂದರೆ ಆಳೂ ಸಣ್ಣ, ಬಾಯೂ ಸುಮ್ಮನಿರದ್ದು. ಆದರೆ ಆವತ್ತು ಆಡಿದ್ದು ಎರಡೇ ಮಾತು. ಬಟ್ಟೆಯಲ್ಲಿ ಸುತ್ತಿದ ಚಾಕುವನ್ನು ಕಿಡಿಯಣ್ಣನ ಕೈಗಿಟ್ಟು, "ಅಕ್ಕಂದು. ಕೆಳಗೆ ಬಿತ್ತು" ಎಂದಳು. ಬಿದ್ದದ್ದು ಚಾಕುವೋ ಅಕ್ಕನೋ ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಸ್ಪತ್ರೆಯಲ್ಲಿ ಮೂರು ವಾರ. ಬಲಗೈ, ಬಲಗಾಲು ಸೋತಿದ್ದವು. ಬಾಯಿ ಒಂದು ಕಡೆ ಜೋತಿತ್ತು. ಎಂಟನೆಯ ದಿನ ಅವಳು ಆಡಿದ ಮೊದಲ ಅರ್ಥವಾಗುವ ಮಾತು, "ಮಕ್ಕಳಿಗೆ ಯಾರು ಮಾಡ್ತಿದಾರೆ?"

"ಗುಬ್ಬಿ ಮಾಡ್ತಿದಾಳೆ. ಹೆಡ್‌ಮೇಡಂ ಎರಡು ತಿಂಗಳು ಕಾಯ್ತೀವಿ ಅಂದಿದಾರೆ, ನಿನ್ನ ಜಾಗ ಎಲ್ಲೂ ಹೋಗಲ್ಲ" ಎಂದ.

"ಬರ್ತೀನಿ ಅಂತ ಹೇಳಿ."

ಕೈಕಾಲಿಗೆ ವ್ಯಾಯಾಮ ಮಾಡಿಸುವ ಹುಡುಗಿ ದಿನವೂ ಬಂದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದಳು. "ಯಜಮಾನ್ರೆ, ಮೊದಲ ಎಂಟು ಹತ್ತು ವಾರದಲ್ಲಿ ಎಷ್ಟು ಬರುತ್ತೋ ಅದೇ ಮುಖ್ಯ. ಆಮೇಲೆ ಬರೋದು ಬಹಳ ನಿಧಾನ. ಮನೆಗೆ ಹೋದಮೇಲೆ ಅವರ ಕೈಗೆ ಗೊತ್ತಿರೋ ಸಾಮಾನು ಕೊಡಿ. ಬಾಚಣಿಗೆ, ಸೌಟು, ಚಾಕು. ತಲೆ ಮರೆತಿದ್ದನ್ನ ಕೆಲವು ಸಲ ಕೈ ನೆನಪಿಟ್ಟಿರುತ್ತೆ" ಎಂದಿದ್ದಳು.

ಮಧ್ಯಾಹ್ನದ ಹೊತ್ತು ಅವಳಿಗೆ ಮಂಪರು ಹತ್ತುತ್ತಿತ್ತು. ಆಗ ಸೋತ ಬಲಗೈ ಹಾಸಿಗೆಯ ಬಟ್ಟೆಯ ಮೇಲೆ ತನ್ನಷ್ಟಕ್ಕೆ ಅಲುಗುವುದನ್ನು ಕಿಡಿಯಣ್ಣ ನೋಡಿದ. ಬೆರಳ ತುದಿ ಒಂದೇ ಕಡೆ ಊರಿಕೊಂಡಿದೆ, ಮಣಿಕಟ್ಟು ಮಾತ್ರ ಏಳುತ್ತದೆ, ಇಳಿಯುತ್ತದೆ. ನಡುಕ ಇರಬೇಕೆಂದು ಅದರ ಮೇಲೆ ತನ್ನ ಕೈಯಿಟ್ಟು ಸಮಾಧಾನ ಮಾಡಿದ. ಕೈ ನಿಂತಿತು.

ಅವಳನ್ನು ಮನೆಗೆ ಕಳಿಸುವ ಹಿಂದಿನ ದಿನ ಮಗಳು ಮನೆ ತೊಳೆದಳು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವಳಿಗೆ ನೀರು ಕಂಡರೆ ಮೈಮೇಲೆ ಬಂದಂತಾಗುತ್ತದೆ. "ಅಪ್ಪಾ, ಸುಮ್ನೆ ಕಾಲಿಗೆ ಅಡ್ಡ ಬರಬೇಡ, ಹೋಗಿ ಏನಾದ್ರೂ ಮಾಡ್ಕೋ" ಎಂದು ಅಂಗಳಕ್ಕೆ ಅಟ್ಟಿದಳು. ಏನು ಮಾಡುವುದು? ಅವನಿಗೆ ಬರುವ ಕೆಲಸ ಒಂದೇ. ಸುತ್ತಿದ್ದ ಬಟ್ಟೆ ಬಿಚ್ಚಿ ಹೆಂಡತಿಯ ಚಾಕು ತೆಗೆದ. ಎಲೆಕೋಸಿನ ಎಸಳೊಂದು ಒಣಗಿ ಅಲಗಿಗೆ ಅಂಟಿತ್ತು.

ಪಾಪ, ಈ ಸೊಟ್ಟ ಚಾಕು ಹಿಡಿದು ಹತ್ತೊಂಬತ್ತು ವರ್ಷ ಕಷ್ಟಪಟ್ಟಳಲ್ಲ ಅನ್ನಿಸಿತು. ಆರೋಗ್ಯದ ಕೈಯಿದ್ದಾಗ ಹೇಗೋ ನಡೆಯಿತು. ಈಗ ಸೋತ ಕೈಗೆ ಒಳ್ಳೆಯ ಚಾಕುವಾದರೂ ಇರಬೇಡವೇ? ಪಕ್ಕದಲ್ಲಿ ನಿಂತು ಸಾಕು ಎನ್ನುವವರಿರಲಿಲ್ಲ. ಅವನು ಪೆಡಲ್ ತುಳಿದ. ಚಾಕುವಿನ ಹೊಟ್ಟೆ ಕರಗಿತು. ಕಿಡಿಗಳು ಮುಂಗೈಗೆ ಸಿಡಿದು ಆರಿದವು. ಒಂದಿಡೀ ಮಧ್ಯಾಹ್ನ ಕೂತು, ಪಟ್ಟಿಗೆ ಹಿಡಿದು ಹಿಡಿದು ನೋಡಿ, ಕೊನೆಗೆ ಎಲ್ಲೂ ಬೆಳಕು ನುಸುಳದ ಹಾಗೆ ಮಾಡಿದ. ಬೆನ್ನಿನ ಮೇಲೆ ತೋರುಬೆರಳು ಕೂತು ಕೂತು ಆಗಿದ್ದ ಸಣ್ಣ ತಗ್ಗನ್ನೂ ಉಜ್ಜಿ ಸಮ ಮಾಡಿದ. ಬೂದಿ ಹಾಕಿ ತಿಕ್ಕಿದ. ಚಾಕುವಿನಲ್ಲಿ ಅವನ ಮೀಸೆ ಕಾಣಿಸಿತು. ತನ್ನ ಕಸುಬಿನಲ್ಲೇ ಇಷ್ಟು ಚೆಂದದ ಕೆಲಸ ಮಾಡಿದ್ದಿಲ್ಲ ಅಂದುಕೊಂಡ.

ಮಾರನೇ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಮೇಜು ಎಳೆದು, ಹಲಗೆಯಿಟ್ಟು, ಮೇಲೊಂದು ಈರುಳ್ಳಿಯಿಟ್ಟ. ಆಮೇಲೆ ಹೊಸ ಬಟ್ಟೆಯಲ್ಲಿ ಸುತ್ತಿದ್ದ ಚಾಕುವನ್ನು ಅವಳ ಮಡಿಲಲ್ಲಿಟ್ಟ. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು.

ಅವಳು ಎಡಗೈಯಿಂದ ಬಟ್ಟೆ ಬಿಚ್ಚಿದಳು. ಬಹಳ ಹೊತ್ತು ನೋಡಿದಳು. ಹಿಡಿ ಅದೇ, ಬೆವರು ಕುಡಿದು ಕಪ್ಪಾದದ್ದು. ತಲೆಯೆತ್ತಿ ಗಂಡನ ಮುಖ ನೋಡಿದಳು. ಅವನು ಬಹುಮಾನಕ್ಕೆ ಕಾದವನಂತೆ ನಿಂತಿದ್ದ, ಕಣ್ಣಲ್ಲಿ ನೀರೂ ಇತ್ತು.

"ಚೆನ್ನಾಗಿದೆ" ಎಂದಳು.

ಬಲಗೈಯ ಬೆರಳುಗಳನ್ನು ಎಡಗೈಯಿಂದಲೇ ಹಿಡಿಗೆ ಸುತ್ತಿಕೊಂಡು, ಚಾಕುವಿನ ಮೂತಿಯನ್ನು ಹಲಗೆಗೆ ಊರಿದಳು. ಹಿಂದುಗಡೆ ಇಳಿಸಿದಳು. ನೇರ ಬಾಯಿ ಹಲಗೆಗೆ ಟಕ್ ಎಂದು ಬಡಿದು ಅಲ್ಲೇ ನಿಂತಿತು. ಮುಂದಕ್ಕೆ ಹೊರಳಲಿಲ್ಲ. ಮತ್ತೆ ಎತ್ತಬೇಕು, ಎತ್ತಲು ಭುಜ ಬೇಕು. ಎರಡನೆಯ ಸಲ ಚಾಕು ಓರೆಯಾಗಿ ಈರುಳ್ಳಿ ಉರುಳಿತು. ಮೂರನೆಯ ಸಲಕ್ಕೆ ಬೆರಳು ಬಿಟ್ಟುಕೊಂಡು ಚಾಕು ನೆಲಕ್ಕೆ ಬಿತ್ತು.

"ಇವತ್ತಷ್ಟೇ ಬಂದಿದೀಯ ಅಮ್ಮ. ನಾಳೆ ನೋಡೋಣ" ಎಂದಳು ಮಗಳು.

ನಾಳೆಯೂ ಹಾಗೇ. ನಾಲ್ಕನೆಯ ದಿನ ಅವಳು ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ದೂರ ಸರಿಸಿದಳು. "ಕೈ ಹೋಗಿದೆ ಕಣ್ರೀ" ಎಂದಳು. "ಸುಮ್ನೆ ಎಳೀಬೇಡಿ."

ವ್ಯಾಯಾಮದ ಹುಡುಗಿ ವಾರಕ್ಕೆರಡು ಸಲ ಮನೆಗೆ ಬರುತ್ತಿದ್ದಳು. ಕಾಲು ಪರವಾಗಿಲ್ಲ, ಗೋಡೆ ಹಿಡಿದು ಬಚ್ಚಲಿನವರೆಗೆ ಹೋಗಿಬರುವಷ್ಟಾಯಿತು. ಕೈ ಮಾತ್ರ ಮಡಿಲಲ್ಲಿ ಮಲಗಿಯೇ ಇತ್ತು. ಬೆರಳುಗಳು ಒಳಕ್ಕೆ ಬಿಗಿಯತೊಡಗಿದವು. "ಆಸ್ಪತ್ರೇಲಿ ಇದಕ್ಕಿಂತ ಚೆನ್ನಾಗಿ ಆಡ್ತಿತ್ತಲ್ಲ? ಯಾಕಮ್ಮಾ, ಯಾವ ಕೆಲಸಕ್ಕೂ ಹಚ್ತಿಲ್ವಾ?" ಎಂದು ಹುಡುಗಿ ಕೇಳಿದರೆ ಅವಳು ಕಿಟಕಿಯ ಕಡೆ ನೋಡುವಳು. ಅಡುಗೆ ಮಗಳ ಪಾಲಿಗೆ ಬಂತು. ಒಂದು ಹೋಳು ಕರಗಿ ಅಂಟಾಗುತ್ತಿತ್ತು, ಇನ್ನೊಂದು ಹಲ್ಲಿಗೆ ಕಲ್ಲಿನಂತೆ ಸಿಗುತ್ತಿತ್ತು. "ಅಗಿದಿದ್ದಕ್ಕೆ ಬೇರೆ ಕೂಲಿ ಕೊಡ್ತೀಯೇನೇ?" ಎಂದು ಕಿಡಿಯಣ್ಣ ನಗಿಸಲು ನೋಡಿದ. ಹೆಂಡತಿ ನಗಲಿಲ್ಲ. ತಟ್ಟೆಯಲ್ಲಿನ ದಪ್ಪ ಹೋಳನ್ನು ಎಡಗೈಯಲ್ಲಿ ಎತ್ತಿ ನೋಡಿ, ಮತ್ತೆ ತಟ್ಟೆಗೇ ಇಟ್ಟಳು.

ಎರಡು ತಿಂಗಳಿಗೆ ನಾಲ್ಕು ದಿನ ಉಳಿದಿರುವಾಗ ಅವಳೇ ಹೇಳಿದಳು. "ಹೋಗಿ ಹೇಳ್ಬಿಡಿ. ಪಾಪ, ಕಾಯಿಸೋದು ಬೇಡ."

ಅವನು ಹೋದ. ಹೆಡ್‌ಮೇಡಂ ಮುಂದೆ ನಿಂತು, "ಅವಳಿಗೆ ಇನ್ನು ಆಗಲ್ಲ ಮೇಡಂ" ಎಂದ. ಅವರು ಬಹಳ ಬೇಜಾರು ಮಾಡಿಕೊಂಡರು. ಗುಬ್ಬಿಯನ್ನೇ ಮುಂದುವರಿಸುತ್ತೇವೆ ಎಂದರು. ಮಾತು ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಹೆಂಡತಿಯ ಮೇಲಂಗಿ, ನೀರಿನ ಚೊಂಬು, ಹಳೇ ಚಪ್ಪಲಿ ತರೋಣವೆಂದು ಅಡುಗೆಮನೆಗೆ ನಡೆದ.

ಹತ್ತೊಂಬತ್ತು ವರ್ಷದಲ್ಲಿ ಅವನು ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೊಗೆ ಹಿಡಿದ ಉದ್ದದ ಕೋಣೆ. ಎರಡು ದೊಡ್ಡ ಒಲೆ, ಮಗು ಕೂತು ಸ್ನಾನ ಮಾಡುವಷ್ಟು ಅಗಲದ ಪಾತ್ರೆಗಳು. ಕಿಟಕಿಯ ಕೆಳಗೆ, ಗೋಡೆಗೆ ತಾಗಿಸಿದ ಮೇಜಿನ ಮೇಲೆ ಒಂದು ದಪ್ಪ ಮರದ ಹಲಗೆ. ಗುಬ್ಬಿ ಅದರ ಮುಂದೆ ನಿಂತು ಈರುಳ್ಳಿಯ ಜೊತೆ ಜಗಳಕ್ಕೆ ನಿಂತಂತಿದ್ದಳು.

"ಬನ್ನಿ ಕಿಡಿಯಣ್ಣ. ಅಕ್ಕ ಹೇಗಿದಾರೆ? ಸೋಮವಾರ ಬರ್ತಾರಾ? ಬೇಗ ಕಳಿಸ್ರಪ್ಪ, ಈ ಮಕ್ಕಳು ನನ್ನ ಪ್ರಾಣ ತಿಂತಿದಾವೆ. ಊಟದಮ್ಮ ಮಾಡಿದ ಹಾಗಿಲ್ಲ, ಕ್ಯಾರೆಟ್ಟು ಕಟುಂ ಅನ್ನುತ್ತೆ ಅಂತ. ಒಬ್ಬನಂತೂ ತಟ್ಟೆ ಮೇಲೆ ಗೋಲಿ ಆಡ್ತಿದ್ದ."

ಉಸಿರು ಬಿಡದೆ ಅವಳೇ ಮುಂದುವರಿಸಿದಳು. "ನೋಡಿ ಇಲ್ಲಿ. ಅಕ್ಕ ಈ ಹಲಗೆಗೆ ಏನು ಮಂತ್ರ ಹಾಕಿದಾರೋ, ನನ್ನ ಕೈಗೆ ಒಗ್ತಾನೇ ಇಲ್ಲ. ನಿಮ್ಮ ಹತ್ರಾನೇ ಸಾಣೆ ಹಿಡಿಸಿದ ಚಾಕು ಇದು. ಆದ್ರೂ ಈರುಳ್ಳಿ ಹೆಚ್ಚಿದ್ರೆ ಮಾಲೆ ಆಗುತ್ತೆ!"

ಅವಳು ಎತ್ತಿ ತೋರಿಸಿದಳು. ಹೆಚ್ಚಿದ ಈರುಳ್ಳಿಯ ಎಸಳುಗಳು ಕೆಳಗೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಮಾಲೆಯ ಹಾಗೆ ತೂಗುತ್ತಿದ್ದವು. ಚಾಕು ಹರಿತವಿತ್ತು, ಆದರೆ ಅದರ ಬಾಯಿ ಹಲಗೆಯನ್ನು ಮುಟ್ಟಿರಲಿಲ್ಲ.

ಕಿಡಿಯಣ್ಣ ಹಲಗೆಯ ಮೇಲೆ ಅಂಗೈ ಆಡಿಸಿದ. ನಡುವೆ ತಗ್ಗು. ನೀರು ಹೊಯ್ದರೆ ಒಂದು ಲೋಟ ನಿಲ್ಲುವಷ್ಟು. ಜೇಬಿನಿಂದ ಉಕ್ಕಿನ ಪಟ್ಟಿ ತೆಗೆದು ತಗ್ಗಿನ ಮೇಲೆ ಅಡ್ಡ ಇಟ್ಟ. ಕಿಟಕಿಯ ಬಿಸಿಲು ಪಟ್ಟಿಯ ಕೆಳಗಿನಿಂದ ನುಸುಳಿ ಅವನ ಕಡೆ ಬಂತು.

"ಮಗುಚಿ ಹಾಕೋಣ ಅಂದ್ರೆ ಅಡೀಲಿ ಎರಡು ಮರದ ಪಟ್ಟಿ ಬಡಿದಿದಾರೆ" ಎಂದಳು ಗುಬ್ಬಿ.

ತಗ್ಗಿನ ಆಚೆ ತುದಿಯಲ್ಲಿ ಒಂದು ಗುಳಿಯಿತ್ತು. ಕಿರುಬೆರಳ ತುದಿ ಹೋಗುವಷ್ಟು ಗುಳಿ. "ಇದೇನು?" ಎಂದ.

"ಅದು ಚಾಕು ಮೂತಿ ಊರೋ ಜಾಗ. ನಿಮಗೆ ಗೊತ್ತಿಲ್ವಾ? ಅಕ್ಕ ಚಾಕು ಎತ್ತೋದೇ ಇಲ್ಲ ಕಿಡಿಯಣ್ಣ. ಮೂತಿ ಇಲ್ಲಿ ಊರಿ, ಹಿಂದೆ ಮಾತ್ರ ಹೀಗೆ, ಹೀಗೆ..." ಗುಬ್ಬಿ ಬರಿಗೈಯಲ್ಲೇ ತೋರಿಸಿದಳು. ಬೆರಳ ತುದಿ ಗುಳಿಯಲ್ಲಿ ನಿಂತಿತ್ತು. ಮಣಿಕಟ್ಟು ಏಳುತ್ತಿತ್ತು, ಇಳಿಯುತ್ತಿತ್ತು. "ತೊಟ್ಟಿಲು ತೂಗಿದ ಹಾಗೆ. ಆ ಹೊಟ್ಟೆ ಇದೆಯಲ್ಲ ಚಾಕುಗೆ, ಅದೇ ಮುಂದಕ್ಕೆ ಉರುಳ್ಕೊಂಡು ಹೋಗುತ್ತೆ. ಟೊಮೇಟೊ ಒಂದು ಹನಿ ರಸ ಬಿಡ್ತಿರ್ಲಿಲ್ಲ. ನೇರ ಚಾಕುಲಿ ಒತ್ತಿದ್ರೆ ಅಪ್ಪಚ್ಚಿ ಆಗುತ್ತೆ ನೋಡಿ, ಅದಕ್ಕೆ. ಅವರ ಬಲಭುಜ ಎಂಟು ಹತ್ತು ವರ್ಷದಿಂದ ನೋವಲ್ವಾ, ಎತ್ತಿ ಹೊಡೆಯೋಕೆ ಆಗ್ತಿರ್ಲಿಲ್ಲ. 'ಈ ಚಾಕು ಇದ್ರೆ ಕೈಗೆ ಬಲಾನೇ ಬೇಡ ಕಣೇ ಗುಬ್ಬಿ, ನಮ್ಮ ಯಜಮಾನರ ಕೈಲೇ ಮಾಡಿಸ್ಕೊಂಡಿದೀನಿ, ಅವರಿಗೇ ಗೊತ್ತಿಲ್ಲ' ಅಂತ ಅಕ್ಕ ನಗೋರು."

ಭುಜದ ನೋವು ಅವನಿಗೆ ಗೊತ್ತಿರಲಿಲ್ಲ.

ಅವನ ಕಣ್ಣು ಗುಬ್ಬಿಯ ಕೈಯ ಮೇಲೇ ಇತ್ತು. ಆಸ್ಪತ್ರೆಯ ಹಾಸಿಗೆಯ ಮೇಲೆ, ಮಂಪರಿನಲ್ಲಿ, ಸೋತ ಕೈ ಮಾಡುತ್ತಿದ್ದುದು ಇದನ್ನೇ. ಅದು ಕೆಲಸ ಮಾಡುತ್ತಿತ್ತು. ಅವನು ತನ್ನ ಕೈಯನ್ನು ಮೇಲಿಟ್ಟು ನಿಲ್ಲಿಸಿದ್ದ.

ಅವನು ಹತ್ತಿರದ ಮೂಟೆಯ ಮೇಲೆ ಕೂತುಬಿಟ್ಟ. ಗುಬ್ಬಿ ಗಾಬರಿಯಾಗಿ ನೀರು ತಂದಳು. ನೀರು ಕುಡಿದು ಅವನು ಕೇಳಿದ್ದು ಒಂದೇ. "ಶನಿವಾರ ಭಾನುವಾರ ರಜೆ ಅಲ್ವಾ, ಈ ಹಲಗೆ ಎರಡು ದಿನ ಕೊಡ್ತೀಯಾ ತಾಯಿ? ಸೋಮವಾರ ಬೆಳಿಗ್ಗೆ ತಂದಿಡ್ತೀನಿ."

ಮನೆಗೆ ಬಂದವನು ಹಲಗೆಯನ್ನು ಅಂಗಳದ ಮೂಲೆಯಲ್ಲಿ ಗೋಣಿ ಮುಚ್ಚಿಟ್ಟ. ಮೊದಲು ಹೆಂಡತಿಯ ಚಾಕುವನ್ನೇ ತೆಗೆದು ನೋಡಿದ. ಅದರ ಅರ್ಧ ಅಗಲ ಚಕ್ರದ ಕೆಳಗೆ ಧೂಳಾಗಿ ಹೋಗಿತ್ತು, ಉಳಿದದ್ದು ಆ ತಗ್ಗಿಗೆ ಸಾಲದು. ಹೋದ ಕಬ್ಬಿಣವನ್ನು ಯಾವ ಸಾಣೆಯೂ ವಾಪಸು ಕೊಡುವುದಿಲ್ಲ. ಸಾಣೆಗೆ ಕೊಟ್ಟು ಮತ್ತೆ ಬಾರದೇ ಹೋದವರ ಚಾಕುಗಳು ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು. ಅದರಿಂದ ಅಗಲವಾದದ್ದೊಂದನ್ನು ಆರಿಸಿದ.

ಎರಡು ದಿನ ಅವನು ಬೀದಿಗೆ ಹೋಗಲಿಲ್ಲ. ಹಲಗೆಯ ಗುಳಿಯಲ್ಲಿ ಮೂತಿಯಿಟ್ಟು, ತಗ್ಗಿನಲ್ಲಿ ಅಲಗನ್ನು ಹೊರಳಿಸಿ, ಎಲ್ಲಿ ತಡೆಯುತ್ತದೆ ಎಂದು ನೋಡಿ, ಇದ್ದಿಲಿನಿಂದ ಗುರುತು ಹಾಕಿ, ಅಷ್ಟನ್ನೇ ತೆಗೆಯುವುದು. ಮತ್ತೆ ಇಟ್ಟು ನೋಡುವುದು. ಮೂತಿಯ ಕಡೆ ಎಷ್ಟು, ಹಿಮ್ಮಡಿಯ ಕಡೆ ಎಷ್ಟು? ಹತ್ತೊಂಬತ್ತು ವರ್ಷ ತಾನೇ ಸಾಣೆ ಹಿಡಿದ ಚಾಕುವಿನ ಮೈ ನೆನಪು ಮಾಡಿಕೊಳ್ಳಲು ಹೋದರೆ, ಸೊಟ್ಟ ಎಂಬ ಮಾತೊಂದೇ ನೆನಪಿಗೆ ಬರುತ್ತಿತ್ತು. ಊರಿನ ಚಾಕುಗಳನ್ನೆಲ್ಲ ನೆನಪಿಟ್ಟವನಿಗೆ ಇದೊಂದನ್ನು ಹಲಗೆ ಹೇಳಿಕೊಡಬೇಕಾಯಿತು. ಮಗಳು ಬಟ್ಟೆ ಒಣಹಾಕಲು ಬಂದವಳು ನಿಂತು ನೋಡಿದಳು.

"ಅಪ್ಪಾ, ಚಾಕು ಮಾಡ್ತಿದೀಯೋ ದೋಣಿ ಮಾಡ್ತಿದೀಯೋ?"

ಅವನು ಇದ್ದಿಲಿನಿಂದ ಇನ್ನೊಂದು ಗುರುತು ಹಾಕಿದ. ಅವಳು ಹಲಗೆಯ ಕಡೆ, ಅವನ ಕಡೆ ನೋಡಿ, ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಪಟ್ಟಿಗೆ ಹಿಡಿದು ನೋಡಿದ. ಎರಡೂ ಕಡೆ ಬೆಳಕು ಬಂತು. ಸಾಕು ಅಂದುಕೊಂಡ.

ಅವಳು ಕಿಟಕಿಯ ಬಳಿ ಕೂತಿದ್ದಳು. ಅವನು ಮೇಜಿನ ಮೇಲೆ ಹಲಗೆಯಿಟ್ಟಾಗ ಅವಳ ಮುಖ ಒಮ್ಮೆಲೇ ತಿರುಗಿತು. "ನನ್ನ ಹಲಗೆ" ಎಂದಳು. ಎಡಗೈಯಿಂದ ತಗ್ಗನ್ನು ಸವರಿದಳು, ಮಗುವಿನ ಬೆನ್ನು ಸವರುವಂತೆ. ಅವನು ಅರ್ಧ ಎಲೆಕೋಸು ಇಟ್ಟು ಪಕ್ಕದಲ್ಲಿ ಚಾಕು ಇಟ್ಟ.

"ಆ ಚಾಕು ನಾನೇ ಹಾಳು ಮಾಡ್ದೆ ಕಣೇ" ಎಂದ. "ನೀನು ಮೈ ಮುಟ್ಟಬೇಡ ಅಂದಿದ್ದೆ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಬಟ್ಟೆ ಬಿಚ್ಚಿದಾಗ."

"ಮತ್ತೆ ಬಯ್ಯಬೇಕಿತ್ತು! ಚಪ್ಪಲಿ ಆಚೆ ಈಚೆ ಆದ್ರೂ ಬಯ್ಯೋಳು ನೀನು. ಅವತ್ತು ಒಂದು ಮಾತು ಅಂದಿದ್ರೆ..." ಕೈಬಿಟ್ಟುಹೋದ ವಾರಗಳನ್ನು ಅವನು ಈಗಾಗಲೇ ನೂರು ಸಲ ಎಣಿಸಿದ್ದ.

ಅವಳು ನಿಧಾನವಾಗಿ, ಒಂದೊಂದೇ ಪದ ಹುಡುಕಿ ಹೇಳಿದಳು. "ಹೊಳೀತಿತ್ತು ಕಣ್ರೀ ಅದು. ನಿಮ್ಮ ಮುಖಾನೂ." ಮಡಿಲಲ್ಲಿದ್ದ ಬಲಗೈಯ ಕಡೆ ನೋಡಿ, "ಆಮೇಲಾಮೇಲೆ ನಂಗೂ ಅನ್ನಿಸ್ತು. ಚಾಕು ಏನು ಮಾಡೀತು, ಕೈಯೇ ಹೋಗಿದೆ ಅಂತ" ಎಂದಳು.

ಬೆರಳುಗಳು ಸುಲಭವಾಗಿ ಬಿಡಿಸಿಕೊಳ್ಳಲಿಲ್ಲ. ಅವನೇ ಒಂದೊಂದಾಗಿ ಬಿಡಿಸಿ ಹಿಡಿಗೆ ಸುತ್ತಿದ. ಅವಳು ಮೂತಿಯನ್ನು ಗುಳಿಗೆ ಊರಿದಳು. ಹಿಂದೆ ಇಳಿಸಿದಳು. ಚಾಕುವಿನ ಹೊಟ್ಟೆ ಹಲಗೆಯ ತಗ್ಗಿನಲ್ಲಿ ಉರುಳಿತು. ಕರಕ್. ಎಲೆಕೋಸಿನ ಒಂದು ಎಳೆ, ಕೂದಲಷ್ಟು ತೆಳ್ಳಗೆ, ಪಕ್ಕಕ್ಕೆ ಒರಗಿತು. ಅವಳು ಅದನ್ನು ನೋಡಿದಳು. ಮತ್ತೆ ಕರಕ್. ಮತ್ತೊಂದು. ಬಾಗಿಲಲ್ಲಿ ನಿಂತ ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಐದು, ಆರು. ಏಳನೆಯದಕ್ಕೆ ಮಣಿಕಟ್ಟು ನಡುಗಿತು, ಬೆರಳು ಒಳಕ್ಕೆ ಸೆಳೆದುಕೊಂಡು ಹಿಡಿ ಜಾರಿತು. ಅವನು ಮತ್ತೆ ಸುತ್ತಿಕೊಟ್ಟ. ನಾಲ್ಕು ಬಂತು. ಮತ್ತೆ ಸುತ್ತಿಕೊಟ್ಟ. ಎರಡು.

ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯುವ ಹೊತ್ತಿಗೆ ಒಂದು ಹಿಡಿ ಎಲೆಕೋಸು ಆಗಿತ್ತು. ಅವಳ ಹಣೆ ಬೆವತಿತ್ತು. "ಇನ್ನೂರು ಮಕ್ಕಳು" ಎಂದಳು, ಆ ಹಿಡಿಯನ್ನು ನೋಡುತ್ತ. ಅವಳು ಅತ್ತದ್ದು ಆಗಲೇ. ಲಕ್ವ ಹೊಡೆದ ದಿನದಿಂದ ಅತ್ತಿರಲಿಲ್ಲ.

"ನಾನು ಮೇಡಂ ಹತ್ರ ಹೋಗಿ ಕಾಲು ಹಿಡೀತೀನಿ. ಇನ್ನೆರಡು ತಿಂಗಳು ಕೇಳ್ತೀನಿ" ಎಂದ.

ಅವಳು ತಲೆಯಾಡಿಸಿದಳು. ಆಗದು ಎಂದು. ಅತ್ತು ಮುಗಿದ ಮೇಲೆ, ಚಾಕುವನ್ನು ಎಡಗೈಯಿಂದ ಹಲಗೆಯ ಮೇಲೆ ಮಲಗಿಸಿ, ಎರಡನ್ನೂ ಅವನ ಕಡೆ ತಳ್ಳಿದಳು. "ಗುಬ್ಬಿಗೆ ಕೊಡಿ. ಈ ಹಲಗೆಗೆ ಬೇರೆ ಚಾಕು ನಡೆಯಲ್ಲ."

"ಇದು ನಿನಗೆ ಅಂತ ಮಾಡಿದ್ದು."

"ನಂಗೆ ಸಣ್ಣದು ಮಾಡಿಕೊಡಿ. ಹಗುರದ್ದು."

ಸೋಮವಾರ ಬೆಳಿಗ್ಗೆ ಅವನು ಹಲಗೆ, ಚಾಕು ಸೈಕಲ್ಲಿಗೆ ಕಟ್ಟಿಕೊಂಡು ಶಾಲೆಗೆ ಹೋದ. ಮೂತಿ ಎಲ್ಲಿ ಊರಬೇಕು ಎಂದು ಗುಬ್ಬಿಗೆ ತೋರಿಸಿಕೊಡಬೇಕಾಗಿರಲಿಲ್ಲ. ಅವಳು ಒಂದು ಈರುಳ್ಳಿ ಹೆಚ್ಚಿ, ಎಸಳುಗಳು ಬಿಡಿಬಿಡಿಯಾಗಿ ಬಿದ್ದದ್ದನ್ನು ನೋಡಿದಳು. "ಸಾಣೆಗೆ ಯಾವಾಗ ತರಲಿ?" ಎಂದಷ್ಟೇ ಕೇಳಿದಳು.

"ತರಬೇಡ. ನಾನೇ ಬರ್ತೀನಿ. ನೀನು ಪಕ್ಕದಲ್ಲಿ ನಿಂತು ಸಾಕು ಅಂತ ಹೇಳ್ಬೇಕು."

ಹೊರಗೆ ಬಂದು ಸೈಕಲ್ಲಿನ ಸ್ಟ್ಯಾಂಡ್ ಒದ್ದವನು ಹಾಗೇ ನಿಂತ. ಗೋಡೆಯಾಚೆಯಿಂದ ಕರಕ್ ಕರಕ್ ಸದ್ದು ಬರುತ್ತಿತ್ತು. ಬೇರೆಯವರ ಕೈ ಎಂದು ಗೊತ್ತಿದ್ದೂ ಅವನು ಅದು ನಿಲ್ಲುವ ತನಕ ಅಲ್ಲೇ ಇದ್ದ.

ನೇರ ಮಾಡಿ ಕೆಡಿಸಿದ ಹಳೇ ಚಾಕುವಿನಲ್ಲಿ ಇನ್ನೂ ಎರಡು ಬೆರಳಗಲ ಕಬ್ಬಿಣ ಉಳಿದಿತ್ತು. ಅದರಲ್ಲೇ ಸಣ್ಣದೊಂದು ಹೊಟ್ಟೆ ಬರಿಸಿದ. ಬೆನ್ನಿನ ಮೇಲೆ ಬೆರಳಿಗೊಂದು ತಗ್ಗು ತೆಗೆದ, ಅದು ಮೊದಲಿನ ಜಾಗದಲ್ಲೇ ಬಂತೋ ಇಲ್ಲವೋ ಅವಳು ಹೇಳಲಿಲ್ಲ. ಈಗ ಸಂಜೆ ಅವನು ಬೇಗ ಮನೆಗೆ ಬರುತ್ತಾನೆ. ಒಲೆಯ ಮೇಲೆ ನೀರಿಟ್ಟು, ಇಬ್ಬರೂ ಮೇಜಿನ ಎರಡು ಕಡೆ ಕೂರುತ್ತಾರೆ. ಅವಳ ಪಾಲಿಗೆ ಒಂದು ಕ್ಯಾರೆಟ್. ಉಳಿದದ್ದೆಲ್ಲ ಅವನ ಪಾಲಿಗೆ. ಮೂವತ್ತೆರಡು ವರ್ಷ ಚಾಕು ಹಿಡಿದವನು ಹೆಚ್ಚಲು ಕಲಿಯುತ್ತಿದ್ದಾನೆ. ನೀರು ಕುದಿದು ಅರ್ಧಕ್ಕಿಳಿದರೂ ಅವಳ ಕ್ಯಾರೆಟ್ ಮುಗಿದಿರುವುದಿಲ್ಲ. ಅವನು ಸಹಾಯಕ್ಕೆ ಕೈ ಚಾಚುವುದಿಲ್ಲ. ಒಂದು ಲೋಟ ನೀರು ಸೇರಿಸಿ ಮತ್ತೆ ಬಂದು ಕೂರುತ್ತಾನೆ.

ಅವಳು ತನ್ನ ಕೆಲಸ ನಿಲ್ಲಿಸಿ ಅವನ ಹಲಗೆಯ ಕಡೆ ನೋಡುತ್ತಾಳೆ.

"ದಪ್ಪ" ಎನ್ನುತ್ತಾಳೆ.

ಅವನು ಆ ಹೋಳನ್ನು ಎಳೆದುಕೊಂಡು, ಮೂತಿ ಊರಿ, ಮತ್ತೆ ಹೆಚ್ಚುತ್ತಾನೆ.